ಹಳೆಯ ಕಾರಿನ ದಪ್ಪ ತಗಡು ಹೆಚ್ಚು ಸುರಕ್ಷಿತವೇ?

ಓದುಗರ ಪ್ರಶ್ನೆ: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರುಗಳ ತಗಡು ದಪ್ಪವಾಗಿತ್ತು. ಎಲ್ಲಿಯಾದರೂ ಗುದ್ದಿದರೆ ಒಂದಿಷ್ಟು ತಗ್ಗು ಬೀಳುತ್ತಿತ್ತೇ ಹೊರತು ಕಾರು ಹಾಗೆಯೇ ಉಳಿಯುತ್ತಿತ್ತು. ಈಗಿನ ಸಣ್ಣ ಕಾರುಗಳ ಮುಂಭಾಗ ಒಂದೇ ಡಿಕ್ಕಿಗೆ ನಜ್ಜುಗುಜ್ಜಾಗುತ್ತದೆ. ಹಾಗಿದ್ದರೆ ಹಳೆಯ ಕಾರುಗಳೇ ಹೆಚ್ಚು ಸುರಕ್ಷಿತವಲ್ಲವೇ?

ಉತ್ತರ: ಖಂಡಿತ ಅಲ್ಲ. ನೀವು ಕಂಡದ್ದು ನಿಜ, ಆದರೆ ಅದರಿಂದ ಹೊರಡುವ ತೀರ್ಮಾನ ಅಪಾಯಕಾರಿಯಾದುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ಕಾರು ಗೋಡೆಗೆ ಬಡಿದಾಗ, ಒಳಗೆ ಕುಳಿತವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತಿರುತ್ತದೆ. ಆ ವೇಗ ಎಷ್ಟು ದೂರದಲ್ಲಿ ಇಳಿದು ಸೊನ್ನೆಯಾಗುತ್ತದೆ ಎಂಬುದರ ಮೇಲೆ ಪೆಟ್ಟಿನ ತೀವ್ರತೆ ನಿಂತಿದೆ. ಕಾರಿನ ಮುಂಭಾಗ ಮುದುಡಿಕೊಳ್ಳುತ್ತಾ, ಬೆಲ್ಟು ಕಟ್ಟಿಕೊಂಡವರ ದೇಹ 60 ಸೆಂಟಿಮೀಟರ್ ದೂರದಲ್ಲಿ ನಿಂತರೆ, ಅದರ ಮೇಲೆ ಸರಾಸರಿ ದೇಹತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. ಮುಂಭಾಗ ಬಾಗದೆ ಕೇವಲ 15 ಸೆಂಟಿಮೀಟರಿನಲ್ಲಿ ನಿಂತರೆ ಆ ಬಲ 80 ಪಟ್ಟನ್ನೂ ಮೀರುತ್ತದೆ. ಮೊದಲಿನದರಿಂದ ಬದುಕಿ ಬರಬಹುದು, ಎರಡನೆಯದರಿಂದ ಬದುಕುವುದು ಬಹಳ ಕಷ್ಟ. ಡಿಕ್ಕಿಯ ನಂತರ ಹೆಚ್ಚು ಕೆಡದೆ ಉಳಿದ ಕಾರು, ತಾನು ನುಂಗಬೇಕಾಗಿದ್ದ ಪೆಟ್ಟನ್ನು ಒಳಗಿದ್ದವರಿಗೆ ದಾಟಿಸಿರುತ್ತದೆ.

ಮುಂಭಾಗ ಮತ್ತು ಹಿಂಭಾಗ ಮುದುಡಬೇಕು, ನಡುವೆ ಜನ ಕೂರುವ ಗೂಡು ಮಾತ್ರ ಗಟ್ಟಿಯಾಗಿ ನಿಲ್ಲಬೇಕು ಎಂಬ ವಿಚಾರಕ್ಕೆ ಮರ್ಸಿಡಿಸ್-ಬೆಂಜ್ ಸಂಸ್ಥೆಯ ಎಂಜಿನಿಯರ್ ಬೇಲಾ ಬರೇನಿ ಅವರು 1950ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದರು. ಇಂದು ಎಲ್ಲ ಕಾರುಗಳಲ್ಲಿರುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೋಲ್ವೋದ ನಿಲ್ಸ್ ಬೋಲಿನ್ ಅವರು 1959ರಲ್ಲಿ ಬಳಕೆಗೆ ತಂದರು. ನಮ್ಮ ಅಂಬಾಸಿಡರ್ ಕಾರಾದರೋ 1950ರ ದಶಕದ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ; ಪದ್ಮಿನಿಯ ಮೂಲ ಫಿಯೆಟ್ 1100. ಈ ವಿಚಾರಗಳು ರೂಢಿಗೆ ಬರುವ ಮೊದಲೇ ಅವುಗಳ ಮೂಲ ವಿನ್ಯಾಸ ಸಿದ್ಧವಾಗಿತ್ತು, ಮತ್ತು ಅಂಬಾಸಿಡರ್ ಮೂಲತಃ ಅದೇ ದೇಹದೊಂದಿಗೆ 2014ರವರೆಗೂ ತಯಾರಾಯಿತು.

ಬಾಗಿಲನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಕಾರಿನ ಗಟ್ಟಿತನವನ್ನು ಅಳೆಯುವ ಪದ್ಧತಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಹೊರಗೆ ಕಾಣುವ ತಗಡು ಪ್ರಾಣ ಕಾಯುವ ಭಾಗವೇ ಅಲ್ಲ. ಆ ಕೆಲಸ ನಡೆಯುವುದು ಬಾಗಿಲ ಒಳಗಿನ ಅಡ್ಡಪಟ್ಟಿ, ಗಾಜಿನ ಇಕ್ಕೆಲದ ಕಂಬಗಳು, ನೆಲದಡಿಯ ತೊಲೆಗಳು, ಇವುಗಳಲ್ಲಿ. ಹಳೆಯ ಕಾರುಗಳಲ್ಲಿ ಇವೆಲ್ಲ ಸಾಧಾರಣ ಮೃದು ಉಕ್ಕಿನವು. ಈಗಿನ ಹಲವು ಕಾರುಗಳಲ್ಲಿ ಈ ಭಾಗಗಳಿಗೆ ಹೆಚ್ಚು ಬಲದ ಉಕ್ಕನ್ನು ಬಳಸುತ್ತಾರೆ. ಅದರಲ್ಲಿಯೂ ಬಿಸಿಯಾಗಿರುವಾಗಲೇ ಅಚ್ಚೊತ್ತಿ ತಣಿಸಿದ ಬೋರಾನ್ ಉಕ್ಕು ಮೃದು ಉಕ್ಕಿಗಿಂತ ಹಲವು ಪಟ್ಟು ಎಳೆತವನ್ನು ತಾಳಿಕೊಳ್ಳುತ್ತದೆ. ತೆಳುವಾದ ಹಾಳೆಯಿಂದಲೇ ದಪ್ಪ ಹಾಳೆಯನ್ನು ಮೀರಿಸುವ ಬಲ ಸಿಗುವುದು ಹೀಗೆ. ಇನ್ನು ತುಕ್ಕಿನ ವಿಷಯವೂ ಇದೆ. ಉಪ್ಪುಗಾಳಿಯ ಕರಾವಳಿಯಲ್ಲಿ ನೆಲವೆಲ್ಲ ತೂತುಬಿದ್ದ ಹಳೆಯ ಕಾರುಗಳನ್ನು ಕಂಡವರಿಗೆ, ಕಾಗದದ ಮೇಲಿನ ದಪ್ಪ ರಸ್ತೆಯ ಮೇಲೆ ಉಳಿಯುವುದಿಲ್ಲವೆಂದು ಹೇಳಬೇಕಾಗಿಲ್ಲ.

ಸಣ್ಣ ಕಾರುಗಳ ಮಟ್ಟಿಗೆ ಇದಕ್ಕೆ ಒಳ್ಳೆಯ ಸಾಕ್ಷ್ಯ ಬ್ರಿಟನ್ನಿನಿಂದ ದೊರಕಿದೆ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ನಕ್ಷತ್ರಗಳ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 1997ರಲ್ಲಿ ಮೊದಲ ಬಾರಿಗೆ ಡಿಕ್ಕಿ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದಾಗ, 1980ರ ವಿನ್ಯಾಸದ ರೋವರ್ 100 ಎಂಬ ಪುಟ್ಟ ಕಾರಿಗೆ ಒಂದೇ ನಕ್ಷತ್ರ ಸಿಕ್ಕಿತು. ಇಪ್ಪತ್ತು ವರ್ಷಗಳ ನಂತರ, 2017ರಲ್ಲಿ, ಅದೇ ರೋವರ್ 100 ಕಾರನ್ನೂ ಹೊಸ ಹೋಂಡಾ ಜಾಜ್ ಕಾರನ್ನೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಒಂದೇ ಬಗೆಯ ತಡೆಗೆ ಗುದ್ದಿಸಿ ತೋರಿಸಲಾಯಿತು. ರೋವರಿನಲ್ಲಿ ಚಾಲಕ ಕೂರುವ ಜಾಗವೇ ಕುಸಿದುಹೋಯಿತು. ಜಾಜ್ ಕಾರಿನಲ್ಲಿ ಮೂತಿ ಮುದುಡಿದರೂ ಒಳಗಿನ ಗೂಡು ಆಕಾರ ಕಳೆದುಕೊಳ್ಳಲಿಲ್ಲ.

ಹಾಗೆಂದು ಹೊಸದೆಲ್ಲ ಸುರಕ್ಷಿತವೆಂದು ನಂಬುವಂತಿಲ್ಲ, ಮತ್ತು ನಮ್ಮ ದೇಶದ ಓದುಗರು ಗಮನ ಕೊಡಬೇಕಾದ ಸಂಗತಿ ಇದೇ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟದಲ್ಲಿದ್ದ ಐದು ಸಣ್ಣ ಕಾರುಗಳ, ಅಂದರೆ ಆಲ್ಟೋ 800, ನ್ಯಾನೋ, ಐ10, ಫಿಗೋ ಮತ್ತು ಪೋಲೋಗಳ, ಏರ್‌ಬ್ಯಾಗ್ ಇಲ್ಲದ ಆವೃತ್ತಿಗಳನ್ನು ಪರೀಕ್ಷಿಸಿದಾಗ ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ ಬಂತು. ಆದರೆ ಐದೂ ಸೊನ್ನೆಗಳು ಒಂದೇ ತೆರನಾದವಲ್ಲ. ಪೋಲೋ ಮತ್ತು ಫಿಗೋಗಳ ದೇಹರಚನೆ ಸ್ಥಿರವಾಗಿ ನಿಂತಿತ್ತು. ಎರಡು ಏರ್‌ಬ್ಯಾಗ್ ಇದ್ದ ಪೋಲೋ ನಾಲ್ಕು ನಕ್ಷತ್ರ ಪಡೆಯಿತು. ಉಳಿದ ಮೂರರ ರಚನೆಯೇ ಸಾಲದಾಗಿದ್ದುದರಿಂದ, ಏರ್‌ಬ್ಯಾಗ್ ಸೇರಿಸಿದರೂ ಹೆಚ್ಚಿನ ಪ್ರಯೋಜನವಿಲ್ಲವೆಂದು ಆ ಸಂಸ್ಥೆ ಹೇಳಿತು. ಆದುದರಿಂದ ಷೋರೂಮಿನಲ್ಲಿ ಏರ್‌ಬ್ಯಾಗುಗಳ ಸಂಖ್ಯೆಯನ್ನಷ್ಟೇ ಕೇಳಿ ಸುಮ್ಮನಾಗಬಾರದು. ದೇಹರಚನೆ ಸ್ಥಿರವೋ ಅಸ್ಥಿರವೋ ಎಂದು ಪರೀಕ್ಷಾ ವರದಿಯಲ್ಲಿ ಏನು ಬರೆದಿದೆಯೆಂದು ನೋಡುವುದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯ. ಭಾರತದಲ್ಲಿ ತಯಾರಾದ ಕಾರೊಂದು ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ಮೊದಲ ಬಾರಿಗೆ ಐದು ನಕ್ಷತ್ರ ಪಡೆದದ್ದು 2018ರ ಡಿಸೆಂಬರಿನಲ್ಲಿ. ಅದು ಟಾಟಾ ನೆಕ್ಸಾನ್. 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಸಹ ನಡೆಯುತ್ತಿದೆ.

ಹಳೆಯ ಕಾರುಗಳು ನಿಜವಾಗಿಯೂ ಮೇಲಾಗಿದ್ದ ವಿಷಯಗಳಿವೆ, ಅವನ್ನು ಅಲ್ಲಗಳೆಯುವುದು ಅನ್ಯಾಯ. ಉಕ್ಕಿನ ಬಂಪರನ್ನು ಹತ್ತಿರದ ಗ್ಯಾರೇಜಿನಲ್ಲಿ ಬಡಿದು ನೇರ ಮಾಡಿಸಬಹುದಿತ್ತು. ಪ್ಲಾಸ್ಟಿಕ್ ಬಂಪರು ಒಡೆದರೆ ಸಾಮಾನ್ಯವಾಗಿ ಹೊಸದನ್ನೇ ಹಾಕಿಸಬೇಕು, ಅದರೊಳಗಿನ ಸೆನ್ಸರಿಗೆ ಬೇರೆ ಖರ್ಚು. ಕಾರ್ಬುರೇಟರನ್ನು ಬಿಚ್ಚಿ ತೊಳೆದು ಕೂರಿಸುವ ಮೆಕ್ಯಾನಿಕ್ ಪ್ರತಿ ಊರಿನಲ್ಲಿಯೂ ಇದ್ದರು, ಈಗಿನ ಇಂಜೆಕ್ಷನ್ ಎಂಜಿನ್ನಿನ ದೋಷ ಪತ್ತೆಗೆ ಸ್ಕ್ಯಾನರ್ ಬೇಕು. ಸೂರನ್ನು ಹೊತ್ತ ಕಂಬಗಳು ತೆಳುವಾಗಿದ್ದುದರಿಂದ ಸುತ್ತಲಿನ ನೋಟವೂ ಚೆನ್ನಾಗಿತ್ತು. ಈಗಿನ ದಪ್ಪ ಕಂಬದ ಮರೆಯಲ್ಲಿ ತಿರುವಿನಲ್ಲಿ ಬರುವ ಬೈಕು ಪೂರ್ತಿ ಅಡಗಿಬಿಡಬಲ್ಲುದು; ಇದು ಸುರಕ್ಷತೆಗಾಗಿಯೇ ತೆತ್ತ ಬೆಲೆ. ತಿರುಗಿಸುವ ಮುನ್ನ ಕುಳಿತಲ್ಲಿಯೇ ತಲೆಯನ್ನು ಮುಂದಕ್ಕೆ ಚಾಚಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಅಂದಹಾಗೆ, 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಇದು ತೆಳುವಾದ ಡಬ್ಬ ಎಂಬ ಆಕ್ಷೇಪವೇ ಕೇಳಿಬಂದಿತ್ತು. ಸುಮಾರು 650 ಕೆ.ಜಿ. ತೂಕದ ಆ ಕಾರನ್ನು ಇಂದಿನ 900 ಕೆ.ಜಿ. ಮೀರಿದ ಸ್ವಿಫ್ಟ್‌ನ ಪಕ್ಕದಲ್ಲಿಟ್ಟು ನೋಡಿದರೆ, ಸಣ್ಣ ಕಾರುಗಳು ದಿನೇ ದಿನೇ ಹಗುರವಾಗುತ್ತಿವೆ ಎಂಬ ನಂಬಿಕೆಯೂ ಪೂರ್ತಿ ನಿಲ್ಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಕೊಳ್ಳುವವರು ತಯಾರಿಕೆಯ ತಿಂಗಳನ್ನೂ ವರ್ಷವನ್ನೂ ಆರ್‌ಸಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಮಾರಾಟದಲ್ಲಿದ್ದ ಹಳೆಯ ಮಾದರಿಗಳೂ ಸೇರಿದಂತೆ ಎಲ್ಲ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ, ಮುಂದಿನಿಂದಲೂ ಪಕ್ಕದಿಂದಲೂ ಗುದ್ದಿಸಿ ನೋಡುವ ಪರೀಕ್ಷೆ ಅಕ್ಟೋಬರಿನಿಂದ. ಚಾಲಕನ ಪಕ್ಕದವರಿಗೂ ಏರ್‌ಬ್ಯಾಗ್ ಕಡ್ಡಾಯವಾದದ್ದು 2022ರ ಜನವರಿಯಿಂದ. ಕೈಯಲ್ಲಿರುವ ಹಣಕ್ಕೆ ಒಂದೇ ಮಾದರಿಯ ಎರಡು ಕಾರುಗಳು ಸಿಗುವಂತಿದ್ದರೆ, ಕಡಿಮೆ ಓಡಿದ 2018ರ ಕಾರಿಗಿಂತ ಸ್ವಲ್ಪ ಹೆಚ್ಚು ಓಡಿದ 2022ರ ಕಾರನ್ನೇ ಆರಿಸಿಕೊಳ್ಳಿ; ಹಿಂದಿನ ಸೀಟಿನ ಬೆಲ್ಟುಗಳು ಸಹ ಸರಿಯಾಗಿ ಎಳೆದು ಬರುತ್ತವೆಯೇ, ಸಿಕ್ಕಿಸಿದಾಗ ಕಚ್ಚಿ ನಿಲ್ಲುತ್ತವೆಯೇ ಎಂದು ಹಣ ಕೊಡುವ ಮೊದಲು ನೋಡಿಕೊಳ್ಳಿ.