ನ್ಯಾನೊ ಪುಡಿ ಒಣಗಿಸಿದಲ್ಲೇ ಕೆಡುತ್ತದೆ

ಮುರಿದ ಮೂಳೆ ಜೋಡಿಸಲು ಬಳಸುವ ಟೈಟಾನಿಯಂ ಮಿಶ್ರಲೋಹದ ಸ್ಥಿತಿಸ್ಥಾಪಕ ಗುಣಾಂಕ (ಬಾಗದೆ ನಿಲ್ಲುವ ಬಿಗುವಿನ ಅಳತೆ) ಸುಮಾರು 110 ಗಿಗಾಪಾಸ್ಕಲ್, ಮೂಳೆಯ ಗಟ್ಟಿ ಹೊರಪದರದ್ದು 10ರಿಂದ 20. ಭಾರವನ್ನು ಲೋಹವೇ ಹೊತ್ತರೆ ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಅದಕ್ಕೇ ದೇಹದಲ್ಲಿ ಕರಗುವ ಪಿಎಲ್‌ಎ ಪ್ಲಾಸ್ಟಿಕ್ಕಿಗೆ, ಮೂಳೆಯ ಖನಿಜದ ಜಾತಿಯದೇ ಆದ ನ್ಯಾನೊ, ಅಂದರೆ ಅತಿ ಸೂಕ್ಷ್ಮ ಕಣದ, ಹೈಡ್ರಾಕ್ಸಿಅಪಟೈಟ್ ಪುಡಿ ಬೆರೆಸಿ ಸಣ್ಣ ಸ್ಕ್ರೂ, ಪಿನ್ನು ಮಾಡುತ್ತಾರೆ. ಮುರಿದ ತೊಡೆಮೂಳೆಗೆ ಇದು ಸಾಲದು, ಅಲ್ಲಿ ಲೋಹವೇ ಬೇಕು.

ಪುಡಿ ಮಾಡುವುದು ಕಷ್ಟವಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಟೆಟ್ರಾಹೈಡ್ರೇಟ್ 118 ಗ್ರಾಂ ಒಂದು ಲೀಟರ್ ನೀರಿಗೆ, ಡೈಅಮೋನಿಯಂ ಫಾಸ್ಫೇಟ್ 39.6 ಗ್ರಾಂ ಇನ್ನೊಂದು ಲೀಟರಿಗೆ. ಮೊದಲನೆಯದನ್ನು ಕಲಕುತ್ತಲೇ ಎರಡನೆಯದನ್ನು ಹನಿಹನಿಯಾಗಿ ಬಿಡಬೇಕು. ಅಮೋನಿಯಾ ಸೇರಿಸುತ್ತ ಪಿಎಚ್ 10ಕ್ಕಿಂತ ಇಳಿಯದಂತೆ ನೋಡಿಕೊಳ್ಳಬೇಕು. ಒಂದು ದಿನ ಬಿಟ್ಟು, ತೊಳೆದ ನೀರು ತಟಸ್ಥವಾಗುವವರೆಗೆ ತೊಳೆದರೆ 50 ಗ್ರಾಮಿನಷ್ಟು ಸಿಗುತ್ತದೆ. ಕ್ಯಾಲ್ಸಿಯಂ–ಫಾಸ್ಫರಸ್ ಅನುಪಾತ ಪರಮಾಣುಗಳ ಲೆಕ್ಕದಲ್ಲಿ 1.67 ಇರಬೇಕು. ಈ ನೈಟ್ರೇಟ್ ಗಾಳಿಯ ತೇವ ಹೀರುವಂಥದ್ದು. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟು ತೂಗಿದರೆ ಹೀರಿದ ನೀರೂ ತಕ್ಕಡಿಯಲ್ಲಿ ತೂಗುತ್ತದೆ, ಕ್ಯಾಲ್ಸಿಯಂ ಕಡಿಮೆ ಬೀಳುತ್ತದೆ. ಹಸಿ ಪುಡಿಯಲ್ಲಿ ಈ ಕೊರತೆ ಕಣ್ಣಿಗೆ ಬೀಳದು. ಚಮಚದಷ್ಟನ್ನು ಮಾತ್ರ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಎಕ್ಸ್‌ರೇ ಡಿಫ್ರಾಕ್ಷನ್ (ಹರಳಿನ ಜಾತಿ ಗುರುತಿಸುವ ಪರೀಕ್ಷೆ) ನೋಡಿ: 31.8 ಡಿಗ್ರಿ ಕೋನದ ಮುಖ್ಯ ಶಿಖರದ ಪಕ್ಕ 31ರಲ್ಲಿ ಇನ್ನೊಂದು ಎದ್ದರೆ ಅದು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಕ್ಯಾಲ್ಸಿಯಂ ಕಡಿಮೆ ಬಿದ್ದಿದೆ. ಪೂರ್ತಿ ಬ್ಯಾಚನ್ನು ಸುಡಬೇಡಿ, ಕಣಗಳು ಬೆಳೆದು ನ್ಯಾನೊತನವೇ ಹೋಗುತ್ತದೆ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಪುಡಿಯನ್ನು ಓವನ್ನಿನಲ್ಲಿ ಒಣಗಿಸಿ, ಅರೆದು, ಪ್ಲಾಸ್ಟಿಕ್ಕಿಗೆ ಹಾಕುತ್ತಾರೆ. ನೀರು ಆರುವಾಗ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ಮೈಕ್ರಾನ್ ಗಾತ್ರದ ಗಂಟುಗಳಾಗುತ್ತವೆ, ಆಮೇಲೆ ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರ, ಎಕ್ಸ್‌ಟ್ರೂಡರ್, ಎಷ್ಟು ತಿರುಗಿದರೂ ಅವು ಪೂರ್ತಿ ಬಿಡಿಸಿಕೊಳ್ಳವು. ಹಾಗಾಗಿ ಒದ್ದೆ ಮುದ್ದೆಯನ್ನೇ ಎಥನಾಲಿನಲ್ಲಿ ಹಲವು ಸಲ, ಬಳಿಕ ಡೈಕ್ಲೋರೊಮೀಥೇನಿನಲ್ಲಿ ತೊಳೆದು, ಅಲ್ಟ್ರಾಸೌಂಡ್ ಕೊಟ್ಟು, ಅದೇ ದ್ರಾವಕದಲ್ಲಿ ಕರಗಿಸಿದ ಪಿಎಲ್‌ಎಗೆ ಸೇರಿಸುವುದು ಮೇಲು. ಎಥನಾಲ್ ಉಳಿದಿದ್ದರೆ ಪಿಎಲ್‌ಎ ನೂಲುನೂಲಾಗಿ ಹೊರಬೀಳುತ್ತದೆ. ಅಂದರೆ ತೊಳೆದದ್ದು ಸಾಲಲಿಲ್ಲ. ಕೊನೆಗೆ ನಿರ್ವಾತದಲ್ಲಿ ದ್ರಾವಕ ತೆಗೆಯಬೇಕು.

ಪುಡಿಯನ್ನು ತೂಕದಲ್ಲಿ ಶೇ 20 ಹಾಕಿದರೆ ಗಾತ್ರದಲ್ಲಿ ಸುಮಾರು ಶೇ 9 ಮಾತ್ರ, ಖನಿಜ ಅಷ್ಟು ಭಾರ. ಆಸೆಬಿದ್ದು ಶೇ 40ಕ್ಕೆ ಹೋದರೆ ಸ್ಕ್ರೂ ತಿರುಗಿಸುವಾಗಲೇ ತಲೆ ಮುರಿಯುವ ಸಂಭವ ಹೆಚ್ಚು. ಶೇ 20ರ ಮಿಶ್ರಣದಿಂದ ಮಾಡಿದ ಬೇರೆಬೇರೆ ಗುಳಿಗೆಗಳನ್ನು (ಪ್ಲಾಸ್ಟಿಕ್ ಕಾಳುಗಳನ್ನು) 600 ಡಿಗ್ರಿಗೆ ಕಾಯಿಸಿ ಉಳಿದ ಬೂದಿ ತೂಗಿ. ಒಂದರಲ್ಲಿ ಶೇ 17, ಇನ್ನೊಂದರಲ್ಲಿ ಶೇ 23 ಬಂದರೆ ಸಮನಾಗಿ ಬೆರೆತಿಲ್ಲ. ಅಚ್ಚು ಹಾಕುವ ಮುನ್ನ ಗುಳಿಗೆಯ ತೇವವನ್ನು 250 ಪಿಪಿಎಂ (ಹತ್ತು ಲಕ್ಷದಲ್ಲಿ 250 ಪಾಲು) ಒಳಗೆ ತನ್ನಿ, ಇಲ್ಲದಿದ್ದರೆ ಕರಗಿದ ಪಿಎಲ್‌ಎಯ ಸರಪಣಿಗಳು ತುಂಡಾಗುತ್ತವೆ.

ಸ್ಕ್ರೂವನ್ನು ಸ್ಟೆರಿಲೈಸ್ ಮಾಡಲು (ರೋಗಾಣು ಕೊಲ್ಲಲು) ಬಿಸಿ ಹಬೆಯ ಆಟೋಕ್ಲೇವ್ ಬೇಡವೇ ಬೇಡ, ಪಿಎಲ್‌ಎ 60 ಡಿಗ್ರಿಗೇ ಮೆತ್ತಗಾಗುತ್ತದೆ. ಗಾಮಾ ಕಿರಣದ 25 ಕಿಲೊಗ್ರೇ ಪ್ರಮಾಣ ಪಿಎಲ್‌ಎಯ ಅಣುತೂಕ ಇಳಿಸುತ್ತದೆ. ಕಡಿಮೆ ತಾಪದ ಎಥಿಲೀನ್ ಆಕ್ಸೈಡ್ ಅನಿಲ ಉಳಿದ ದಾರಿ, ಆದರೆ ಉಳಿಕೆ ಅನಿಲದ ಲೆಕ್ಕ ಕೊಡಬೇಕು. ಯಾವುದನ್ನೇ ಆರಿಸಿದರೂ ಬಾಗುವ ಬಲ, ಅಣುತೂಕ ಎರಡನ್ನೂ ಸ್ಟೆರಿಲೈಸ್ ಆದ ಸ್ಕ್ರೂವಿನ ಮೇಲೇ ಅಳೆಯಿರಿ.