ಲ್ಯಾಟಿನ್ನಿನ ಸೋದರಮಾವ

ಇಂಗ್ಲೆಂಡಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ನಾನು ಹಳೆಯ ರೋಮನ್ನರ ಭಾಷೆ ಲ್ಯಾಟಿನ್ ಹೇಳಿಕೊಡುತ್ತೇನೆ. ನೆಂಟರ ಹೆಸರುಗಳು ಬಂದಾಗ ಅವರು ಎಡವುತ್ತಾರೆ. ಪುಸ್ತಕದ ಹಿಂದಿನ ಪದಪಟ್ಟಿಯಲ್ಲಿ ‘ಪತ್ರುವುಸ್’ ಅಂದರೂ ಅಂಕಲ್, ‘ಅವುಂಕುಲುಸ್’ ಅಂದರೂ ಅಂಕಲ್. ಹಾಗಾದರೆ ಎರಡು ಪದ ಯಾಕೆ ಬೇಕಿತ್ತು?

ಪಟ್ಟಿ ಮುಚ್ಚಿಡಿ, ಹಬ್ಬಕ್ಕೆ ಊರಿನ ಮನೆಯಲ್ಲಿ ಯಾರ್ಯಾರು ಸೇರ್ತಾರೆ ನೆನಪು ಮಾಡಿಕೊಳ್ಳಿ ಅನ್ನುತ್ತೇನೆ. ಅಪ್ಪನ ಅಣ್ಣತಮ್ಮಂದಿರು ಪತ್ರುವುಸ್. ಸೋದರಮಾವ ಅವುಂಕುಲುಸ್. ಸೋದರತ್ತೆ ‘ಅಮಿತ’. ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ‘ಮಾತೆರ್ತೆರ’. ಐದು ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡವರು ಚಿಕ್ಕವರು ಅನ್ನುವ ಭೇದವನ್ನು ಈ ಪದಗಳು ತೋರಿಸುವುದಿಲ್ಲ, ಅಷ್ಟೇ. ಇನ್ನೊಂದು ಎಚ್ಚರಿಕೆ: ನಮ್ಮಲ್ಲಿ ಮಾವ, ಅತ್ತೆ ಅಂದರೆ ಗಂಡನ ಅಥವಾ ಹೆಂಡತಿಯ ಅಪ್ಪ ಅಮ್ಮನೂ ಹೌದು. ರೋಮನ್ನರು ಅವರಿಗೆ ‘ಸೊಕೆರ್’, ‘ಸೊಕ್ರುಸ್’ ಎಂಬ ಬೇರೆ ಪದಗಳನ್ನೇ ಇಟ್ಟುಕೊಂಡಿದ್ದರು.

ಅವುಂಕುಲುಸ್ ನನಗೆ ತುಂಬಾ ಇಷ್ಟದ ಪದ. ‘ಅವುಸ್’ ಅಂದರೆ ತಾತ, ಅವುಂಕುಲುಸ್ ಅಂದರೆ ಪುಟ್ಟ ತಾತ. ಪತ್ರುವುಸ್ ಮಾತ್ರ ಗದರುವವನು. ಸದಾ ಬುದ್ಧಿ ಹೇಳುವವರಿಗೆ ರೋಮನ್ ಕವಿಗಳು ಅವನ ಹೆಸರನ್ನೇ ಬಳಸುತ್ತಿದ್ದರು. ಕೊನೆಗೆ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ‘ಅಂಕಲ್’ ಆದವನು ಸೋದರಮಾವನೇ. ‘ಆಂಟ್’ ಬಂದದ್ದು ಸೋದರತ್ತೆಯಿಂದ.

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಬೆಂಕಿ ಉಗುಳಿದಾಗ ಜನರನ್ನು ಕಾಪಾಡಲು ಹಡಗು ಹತ್ತಿ ಹೋಗಿ ಸತ್ತ ರೋಮನ್ ಲೇಖಕ, ನೌಕಾಪಡೆಯ ಅಧಿಕಾರಿ ಪ್ಲಿನಿ, ತನ್ನ ಉಯಿಲಿನಲ್ಲಿ ಸೋದರಿಯ ಮಗನನ್ನು ದತ್ತು ಮಾಡಿಕೊಂಡಿದ್ದ. ಕಾನೂನಿನ ಪ್ರಕಾರ ಅಪ್ಪನಾದ. ಆದರೂ ಆ ಹುಡುಗ ಬೆಳೆದು ದೊಡ್ಡವನಾಗಿ, ಆ ಸಾವಿನ ಬಗ್ಗೆ ಇತಿಹಾಸಕಾರ ಟ್ಯಾಸಿಟಸ್‌ಗೆ ಕಾಗದ ಬರೆದಾಗ ‘ನನ್ನ ಅವುಂಕುಲುಸ್’ ಎಂದೇ ಬರೆದ. ‘ಅಂಕಲ್’ ಅಂತ ಓದಿಕೊಂಡರೆ ಆ ಸಾಲು ಸುಮ್ನೆ ದಾಟಿ ಹೋಗುತ್ತದೆ. ‘ನನ್ನ ಸೋದರಮಾವ’ ಅಂದಾಗ ಮಕ್ಕಳು ತಲೆ ಎತ್ತುತ್ತಾರೆ.

‘ಮಕ್ಕಳು’ ಅನ್ನುವಲ್ಲಿ ಮಾತ್ರ ಕನ್ನಡವೂ ಸಾಲದು. ಅಪ್ಪ ಅಮ್ಮನಿಗೆ ಹುಟ್ಟಿದ ಮಕ್ಕಳು ‘ಲೀಬೆರಿ’, ಅಕ್ಷರಶಃ ‘ಸ್ವತಂತ್ರರು’. ಯಾಕೆಂದರೆ ಅದೇ ಮನೆಯಲ್ಲಿ ಸ್ವತಂತ್ರರಲ್ಲದವರೂ ಇದ್ದರು. ‘ಫಮಿಲಿಯ’ ಎಂಬ ಪದದಲ್ಲೇ ಗುಲಾಮರೂ ಸೇರಿದ್ದಾರೆ. ‘ಪುಎರ್’ ಅಂದರೆ ಹುಡುಗ. ಆದರೆ ತಲೆ ನರೆತ ಗುಲಾಮನನ್ನೂ ಯಜಮಾನ ‘ಪುಎರ್’ ಅಂತಲೇ ಕೂಗುತ್ತಿದ್ದ. ಈ ಪದ ಹೇಳಿಕೊಡುವ ದಿನ ನಾನು ಬೇರೆ ಪಾಠ ಇಟ್ಟುಕೊಳ್ಳುವುದಿಲ್ಲ.