ಬಾಗಬಲ್ಲ ಕೋಲು, ಹಿಗ್ಗಬಲ್ಲ ದಾರ

ಕಳೆದ ಏಪ್ರಿಲ್‌ನಲ್ಲಿ ಡಲ್ಲಾಸ್ ನಗರದ ಉತ್ತರಕ್ಕಿರುವ ಲ್ಯೂಯಿಸ್‌ವಿಲ್ ಜಲಾಶಯದ ದಡದಲ್ಲಿ ನನ್ನ ಅಕ್ಕನ ಮಗ ಬಾಸ್ ಎಂಬ ಸಿಹಿನೀರಿನ ಬೇಟೆಮೀನೊಂದನ್ನು ಕಳೆದುಕೊಂಡ. ದಾರ ತುಂಡಾಗಲಿಲ್ಲ, ಕೋಲು ಮುರಿಯಲಿಲ್ಲ, ಗಂಟು ಬಿಚ್ಚಲಿಲ್ಲ. ಮೀನು ಅರ್ಧ ಮೈಯನ್ನು ನೀರಿನಿಂದ ಮೇಲೆತ್ತಿ ಎರಡು ಸಲ ತಲೆ ಕೊಡವಿತು, ಗಾಳ ನಮ್ಮ ಕಡೆಗೆ ಹಾರಿ ಬಂತು. ಅದರ ಮೊನೆಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ತುಟಿಯ ಚೂರೊಂದು ಸಿಕ್ಕಿಕೊಂಡಿತ್ತು.

"ಮಾವ, ಐವತ್ತು ಪೌಂಡಿನ ದಾರ ಹಾಕಿದ್ದೆನಲ್ಲ, ಹೇಗೆ ತಪ್ಪಿಸಿಕೊಂಡಿತು?" ಎಂದು ಕೇಳಿದ. ಐವತ್ತು ಪೌಂಡಿನ ದಾರ ಹಾಕಿದ್ದರಿಂದಲೇ ತಪ್ಪಿಸಿಕೊಂಡಿತು ಎಂದು ನಾನು ಹೇಳಿದ್ದನ್ನು ಅವನು ನಂಬಲಿಲ್ಲ. ಅಂಗಡಿಯಲ್ಲಿದ್ದ ಅತ್ಯಂತ ಗಡುಸಾದ ಕೋಲನ್ನೂ ಅತ್ಯಂತ ಬಲವಾದ ದಾರವನ್ನೂ ಹುಡುಕಿ ತಂದಿದ್ದ ಹುಡುಗ ಹೇಗೆ ನಂಬಿಯಾನು? ಅವನಿಗೆ ಅಂದು ದಡದಲ್ಲಿ ಕುಳಿತು ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಅಮೆರಿಕಕ್ಕೆ ಹೋದ ನಮ್ಮ ಹುಡುಗರಲ್ಲಿ ಹಲವರು ವಾರಾಂತ್ಯದಲ್ಲಿ ಕೆರೆಯ ದಡಕ್ಕೆ ಹೋಗುತ್ತಾರೆ. ಬಹುಪಾಲು ಮಂದಿ ಇದೇ ತಪ್ಪನ್ನು ಮಾಡುತ್ತಾರೆ.

ದಾರದ ಸುರುಳಿಯ ಮೇಲೆ ಅಚ್ಚಾಗಿರುವ ಪೌಂಡು ಮೀನಿನ ತೂಕವಲ್ಲ, ದಾರ ಕಡಿಯದೆ ತಡೆಯಬಲ್ಲ ಎಳೆತ. ಎಂಟು ಪೌಂಡಿನ ದಾರಕ್ಕೆ ಒಂಬತ್ತು ಪೌಂಡಿನ ಮೀನು ಬಿದ್ದರೆ ಕಡಿದುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನೀರಿನೊಳಗೆ ಮೀನಿಗೆ ತೂಕವೇ ಇಲ್ಲ ಎನ್ನಬಹುದು. ಹೊಟ್ಟೆಯೊಳಗಿನ ಗಾಳಿಚೀಲ ಅದನ್ನು ಮುಳುಗದಂತೆ, ತೇಲದಂತೆ ತೂಗಿಸಿಟ್ಟಿರುತ್ತದೆ. ಬಾವಿಯಿಂದ ನೀರು ಸೇದಿದವರಿಗೆ ಇದು ಕೈಯಲ್ಲೇ ಗೊತ್ತಿರುವ ಸಂಗತಿ. ತುಂಬಿದ ಕೊಡ ನೀರೊಳಗಿರುವ ತನಕ ಹಗ್ಗ ಹಗುರವಾಗಿರುತ್ತದೆ, ಕೊಡ ನೀರಿನ ಮಟ್ಟ ಬಿಟ್ಟ ಕ್ಷಣ ತೋಳು ಜಗ್ಗುತ್ತದೆ. ದಡಕ್ಕೆ ಬಂದ ಮೀನನ್ನು ದಾರದಿಂದ ಎತ್ತದೆ ಬಲೆಗೆ ಹಾಕಿಕೊಳ್ಳುವುದು ಇದೇ ಕಾರಣಕ್ಕೆ. ದಾರ ತಡೆಯಬೇಕಾದದ್ದು ಮೀನಿನ ಓಟವನ್ನು, ಅದರ ಜಗ್ಗಾಟವನ್ನು.

ಮೀನಿನ ಗಾತ್ರದ ಬಗ್ಗೆಯೂ ಒಂದು ಮಾತು. ದೊಡ್ಡ ಬಾಯಿಯ ಬಾಸ್ ಮೀನಿನ ವಿಶ್ವದಾಖಲೆ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕಿಲೊ. ಜಾರ್ಜಿಯಾ ರಾಜ್ಯದ ಜಾರ್ಜ್ ಪೆರ್ರಿ 1932ರ ಜೂನ್ 2ರಂದು ಅದನ್ನು ಹಿಡಿದರು. 77 ವರ್ಷಗಳ ನಂತರ, 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಕೂದಲೆಳೆಯಷ್ಟು ಹೆಚ್ಚು ತೂಗಿದರೂ ನಿಯಮದಂತೆ ದಾಖಲೆ ಸಮವೆಂದೇ ಘೋಷಣೆಯಾಯಿತು. ಭೂಮಿಯ ಮೇಲೆ ಈವರೆಗೆ ದಾಖಲಾದ ಈ ಜಾತಿಯ ಅತಿ ದೊಡ್ಡ ಬಾಸ್ ಇಷ್ಟೇ ಇರುವಾಗ, ಒಂದೆರಡು ಕಿಲೊ ಮೀನಿಗಾಗಿ ಕಾಯುವ ಹೊಸಬನಿಗೆ ಐವತ್ತು ಪೌಂಡಿನ ದಾರ ಯಾವ ಲೆಕ್ಕದಲ್ಲೂ ಬೇಕಾಗಿಲ್ಲ. ನಮ್ಮ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು. ಅದರ ಮಾತು ಬೇರೆ, ಆ ಹೊಳೆಯ ಸೆಳೆತವೂ ಬೇರೆ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಎರಡು ಕಿಲೊ ತೂಗುವ ಬಾಸ್ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನಮ್ಮಿಂದ ದೂರ ಓಡುತ್ತಿದೆ ಎಂದುಕೊಳ್ಳಿ. ಅದರ ಚಲನಶಕ್ತಿ 4 ಜೂಲ್. ಬಹಳ ಸಣ್ಣ ಶಕ್ತಿ. ಒಂದು ಕಿಲೊ ಅಕ್ಕಿಯ ಪೊಟ್ಟಣವನ್ನು ನೆಲದಿಂದ 40 ಸೆಂಟಿಮೀಟರ್ ಎತ್ತಿದಷ್ಟೇ. ದಾರ ಬಿಗಿಯಾದಾಗ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಕೋಲು ಮತ್ತು ದಾರ ಸೇರಿ ಐದು ಸೆಂಟಿಮೀಟರ್ ಮಾತ್ರ ಬಿಟ್ಟುಕೊಡುತ್ತವೆ ಎಂದಾದರೆ ಸರಾಸರಿ ಬಲ 80 ನ್ಯೂಟನ್. ಸ್ಪ್ರಿಂಗಿನಂತೆ ಹಿಗ್ಗುವ ವಸ್ತುವಿನಲ್ಲಿ ಕೊನೆಯ ಕ್ಷಣದ ಬಲ ಸರಾಸರಿಯ ಎರಡರಷ್ಟು, ಅಂದರೆ 160 ನ್ಯೂಟನ್. ಹದಿನಾರು ಕಿಲೊ ತೂಕವನ್ನು ನೇತುಹಾಕಿದಷ್ಟು. ಅದೇ ಕೋಲು ಮತ್ತು ದಾರ ಅರ್ಧ ಮೀಟರ್ ಬಿಟ್ಟುಕೊಟ್ಟರೆ ಕೊನೆಯ ಬಲ 16 ನ್ಯೂಟನ್ ಮಾತ್ರ. ಹತ್ತು ಪೌಂಡಿನ ದಾರ ತಡೆಯುವುದು ಸುಮಾರು 44 ನ್ಯೂಟನ್. ಮೀನು ಬದಲಾಗಿಲ್ಲ, ಅದರ ವೇಗ ಬದಲಾಗಿಲ್ಲ. ನಿಲ್ಲಲು ಸಿಕ್ಕ ಜಾಗ ಹತ್ತರಷ್ಟು ಹೆಚ್ಚಿದ್ದಕ್ಕೆ ಬಲ ಹತ್ತನೆಯ ಒಂದು ಪಾಲಿಗೆ ಇಳಿಯಿತು.

ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಗೋಡೆಯಿಂದ ಹಾರುವ ಮಗು ಯಾರೂ ಹೇಳಿಕೊಡದೆಯೇ ಮಂಡಿ ಮಡಿಸುತ್ತದೆ. ಮೇಲಿಂದ ಎಸೆದ ಹೆಂಚನ್ನು ಹಿಡಿಯುವ ಕೆಲಸಗಾರ ಅದರ ಜೊತೆಗೇ ಕೈಯನ್ನು ಇಳಿಸುತ್ತಾನೆ. ಗಟ್ಟಿ ಚಕ್ರದ ಎತ್ತಿನ ಗಾಡಿಯಲ್ಲಿ ಕುಳಿತವನ ಸೊಂಟಕ್ಕೆ ಬೀಳುವ ಪೆಟ್ಟನ್ನು ಬಸ್ಸಿನಲ್ಲಿ ಉಕ್ಕಿನ ಪಟ್ಟಿಗಳು ತಾವು ಬಾಗಿ ನುಂಗಿಕೊಳ್ಳುತ್ತವೆ. ಇವೆಲ್ಲವೂ ಒಂದೇ ಕೆಲಸ: ಪೆಟ್ಟನ್ನು ಹೆಚ್ಚು ದೂರಕ್ಕೆ, ಹೆಚ್ಚು ಹೊತ್ತಿಗೆ ಹಂಚುವುದು. ಗಾಳದ ಕೋಲು ಮಾಡುವುದೂ ಅದನ್ನೇ. ಅದು ಮೀನನ್ನು ಎತ್ತುವ ಸನ್ನೆಗೋಲಲ್ಲ. ಮೀನಿಗೂ ನಮಗೂ ನಡುವೆ ಇಟ್ಟ ಸ್ಪ್ರಿಂಗು.

ನನ್ನ ಅಳಿಯನಿಗೆ ಆದದ್ದೇನು ಎಂಬುದು ಈಗ ಸ್ಪಷ್ಟ. ಅವನ ಕೋಲು ಬಾಗಲಿಲ್ಲ, ಅವನ ಹೆಣೆದ ದಾರ ಹಿಗ್ಗಲಿಲ್ಲ. ಐವತ್ತು ಪೌಂಡ್ ಎಂದರೆ ಸುಮಾರು 220 ನ್ಯೂಟನ್, ದಾರ ಕಡಿಯುವ ಪ್ರಶ್ನೆಯೇ ಇರಲಿಲ್ಲ. ಆದರೆ ಸರಪಳಿಯಲ್ಲಿ ಒಂದು ಕೊಂಡಿಯನ್ನು ಬಲಪಡಿಸಿದರೆ ಪೆಟ್ಟು ಮುಂದಿನ ದುರ್ಬಲ ಕೊಂಡಿಗೆ ಹೋಗುತ್ತದೆ. ಇಲ್ಲಿ ಆ ಕೊಂಡಿ ಮೀನಿನ ತುಟಿಯಾಗಿತ್ತು.

ಕೋಲಿನ ಹಿಡಿಕೆಯ ಮೇಲ್ಗಡೆ ಸಣ್ಣ ಅಕ್ಷರಗಳ ಒಂದು ಸಾಲು ಇರುತ್ತದೆ. ಕನ್ನಡಕ ಹಾಕಿಕೊಂಡಾದರೂ ಅದನ್ನು ಓದಬೇಕು. ಉದ್ದ ಆರೂವರೆ ಅಡಿ, ಪವರ್ ಮೀಡಿಯಂ, ಆಕ್ಷನ್ ಫಾಸ್ಟ್, ದಾರ 6ರಿಂದ 12 ಪೌಂಡ್, ಎರೆಯ ತೂಕ ಕಾಲು ಔನ್ಸಿನಿಂದ ಮುಕ್ಕಾಲು ಔನ್ಸಿನವರೆಗೆ, ಹೀಗೆ. ಪವರ್ ಮತ್ತು ಆಕ್ಷನ್ ಒಂದೇ ಎಂದು ಅಂಗಡಿಯವರೂ ಕೆಲವೊಮ್ಮೆ ಹೇಳಿಬಿಡುತ್ತಾರೆ; ಅದು ತಪ್ಪು. ಬಾಗಿಸಲು ಎಷ್ಟು ಬಲ ಬೇಕು ಎಂಬುದು ಪವರ್. ಎಲ್ಲಿಂದ ಬಾಗುತ್ತದೆ ಎಂಬುದು ಆಕ್ಷನ್. ಫಾಸ್ಟ್ ಎಂದರೆ ತುದಿಯ ಮೂರನೆಯ ಒಂದು ಭಾಗ ಮೊದಲು ಬಾಗುತ್ತದೆ, ಮಾಡರೇಟ್ ಎಂದರೆ ನಡುವಿನವರೆಗೂ ಬಾಗುತ್ತದೆ.

ಈ ವ್ಯತ್ಯಾಸ ಹುಟ್ಟುವುದು ಕೋಲು ಸಣ್ಣಗಾಗುತ್ತಾ ಹೋಗುವ ರೀತಿಯಲ್ಲಿ. ಒಂದು ಗಟ್ಟಿ ಕಡ್ಡಿಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದರ ಬಿಗುವು ಹದಿನಾರರಷ್ಟಾಗುತ್ತದೆ. ದಪ್ಪದ ನಾಲ್ಕನೆಯ ಘಾತಕ್ಕೆ ಬಿಗುವು ಏರುತ್ತದೆ. ಅದಕ್ಕೇ ತುದಿ ಹುಲ್ಲಿನ ಕಡ್ಡಿಯಂತೆ ಮಿಡಿಯುತ್ತದೆ, ಬುಡ ಕಲ್ಲಿನಂತೆ ನಿಲ್ಲುತ್ತದೆ. ಸಣ್ಣ ಜಗ್ಗಿಗೆ ತುದಿ ಮಾತ್ರ ಓಗೊಡುತ್ತದೆ, ಜಗ್ಗು ಹೆಚ್ಚಿದಂತೆ ಬಾಗು ಬುಡದ ಕಡೆಗೆ ಇಳಿಯುತ್ತದೆ. ಇದರಲ್ಲಿ ಇನ್ನೊಂದು ಸೊಗಸಿದೆ. ಕೋಲು ಬಾಗಿದಷ್ಟೂ ಅದರ ತುದಿ ಮೀನಿನ ಕಡೆಗೆ ತಿರುಗುತ್ತದೆ, ನಮ್ಮ ಮುಂಗೈಗೂ ಎಳೆತದ ಗೆರೆಗೂ ಇರುವ ಅಂತರ ಕಡಿಮೆಯಾಗುತ್ತದೆ, ಮಣಿಕಟ್ಟಿನ ಮೇಲಿನ ಭಾರ ಇಳಿಯುತ್ತದೆ. ಉದ್ದನೆಯ ಗಡುಸು ಕೋಲು ನಮಗೆ ಬಲ ಕೊಡುತ್ತದೆ ಎಂದುಕೊಂಡಿರುತ್ತೇವೆ. ವಾಸ್ತವದಲ್ಲಿ ಅದು ಮೀನಿಗೆ ಉದ್ದನೆಯ ಸನ್ನೆಯನ್ನು ಕೊಡುತ್ತದೆ.

ಮೊದಲ ಬಾರಿ ಕೊಳ್ಳುವವರಿಗೆ ಆರೂವರೆ ಅಡಿಯಿಂದ ಏಳು ಅಡಿಯ ಮೀಡಿಯಂ ಕೋಲು ಸಾಕು. ಆಕ್ಷನ್ ಫಾಸ್ಟ್ ಅಥವಾ ಅದಕ್ಕಿಂತ ಸ್ವಲ್ಪ ಮೃದು. ರೀಲು ಸ್ಪಿನ್ನಿಂಗ್ ಬಗೆಯದು, ಎಸೆಯುವಾಗ ಸುರುಳಿ ತಿರುಗದೆ ದಾರ ಮಾತ್ರ ಬಿಚ್ಚಿಕೊಳ್ಳುವಂಥದು. ಸುರುಳಿಯೇ ತಿರುಗುವ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಎರೆ ನಿಧಾನವಾದರೂ ಸುರುಳಿ ತನ್ನ ಜಡತ್ವದಿಂದ ತಿರುಗುತ್ತಲೇ ಇರುತ್ತದೆ, ದಾರ ಹಕ್ಕಿಯ ಗೂಡಾಗುತ್ತದೆ. ಒಂದು ವರ್ಷದ ಅಭ್ಯಾಸದ ನಂತರ ಅದನ್ನು ಕೊಳ್ಳಬಹುದು.

ಕೋಲು ಬಾಗಬೇಕು ಎಂಬ ತಿಳಿವಳಿಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವಿದೆ. ಈಗಿನ ಬಸವಕಲ್ಯಾಣದಲ್ಲಿ ಕುಳಿತು ಒಬ್ಬ ಅರಸ ಮೀನುಗಳ ಬಗೆ, ಅವುಗಳಿಗೆ ಹಾಕುವ ಎರೆ, ಗಾಳ ಹಾಕುವ ಕ್ರಮ ಇವನ್ನೆಲ್ಲ ಶಾಸ್ತ್ರದ ಗಾಂಭೀರ್ಯದಿಂದ ಬರೆಸಿದ್ದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ ಎನಿಸುತ್ತದೆ. ಏಷ್ಯಾದ ಹಲವೆಡೆ ನೂರಾರು ವರ್ಷ ಗಾಳದ ಕೋಲೆಂದರೆ ಬಿದಿರೇ. ಬಿದಿರನ್ನು ಸೀಳಿ ಅಡ್ಡಕೊಯ್ಲನ್ನು ಭೂತಗನ್ನಡಿಯಲ್ಲಿ ನೋಡಿ: ನಾರಿನ ಎಳೆಗಳು ಹೊರ ಚರ್ಮದ ಕಡೆಗೆ ಒತ್ತಾಗಿ, ಒಳಗೆ ವಿರಳವಾಗಿರುತ್ತವೆ. ಬಾಗುವಾಗ ಅತಿ ಹೆಚ್ಚು ಎಳೆತ ಬೀಳುವುದು ಹೊರಮೈಗೇ. ಎರಡನೆಯ ಮಹಾಯುದ್ಧದ ನಂತರ ಬಂದ ಫೈಬರ್‌ಗ್ಲಾಸ್, 1970ರ ದಶಕದಲ್ಲಿ ಬಂದ ಕಾರ್ಬನ್ ನಾರು, ಎರಡೂ ಬಿದಿರಿನ ಈ ಉಪಾಯವನ್ನೇ ಅಂಟು ಮತ್ತು ಎಳೆಗಳಿಂದ ಮತ್ತೆ ಕಟ್ಟಿದವು. ಕಾರ್ಬನ್ ಎಳೆ ಗಾಜಿನ ಎಳೆಗಿಂತ ಸುಮಾರು ಮೂರು ಪಟ್ಟು ಬಿಗು, ತೂಕದಲ್ಲಿ ಹಗುರ. ನೀರಡಿಯ ಕಲ್ಲನ್ನು ಎರೆ ತಾಗಿದ್ದೂ ಬೆರಳಿಗೆ ತಿಳಿಯುತ್ತದೆ. ಗಾಜಿನದು ನಿಧಾನ, ಆದರೆ ಪೆಟ್ಟು ತಾಳುತ್ತದೆ. ಎರಡನ್ನೂ ಬೆರೆಸಿ ಮಾಡಿದ ಕಡಿಮೆ ಬೆಲೆಯ ಕೋಲು ಹೊಸಬರಿಗೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಾರ್ಬನ್ ವಿದ್ಯುತ್ ವಾಹಕ ಎಂಬುದನ್ನು ಮಾತ್ರ ಮರೆಯಬಾರದು. ತಲೆಯ ಮೇಲೆ ವಿದ್ಯುತ್ ತಂತಿ ಇದ್ದಲ್ಲಿ, ಗುಡುಗು ಕೇಳಿಸಿದಾಗ, ಕೋಲನ್ನು ಮೇಲೆತ್ತಲೇಬಾರದು.

ದಾರದ ಕಥೆ ಇನ್ನೂ ಚೆಲುವಾದದ್ದು. ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ವಾಲೆಸ್ ಕರೋದರ್ಸ್ ಅವರ ತಂಡ 1935ರ ಫೆಬ್ರವರಿಯಲ್ಲಿ ನೈಲಾನನ್ನು ಮೊದಲ ಬಾರಿಗೆ ತಯಾರಿಸಿತು. 1938ರಲ್ಲಿ ಅದು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ ಮಾರುಕಟ್ಟೆಗೆ ಬಂತು, ನಂತರ ಗಾಳದ ದಾರವಾಯಿತು. ಕರೋದರ್ಸ್ 1937ರಲ್ಲೇ ತೀರಿಕೊಂಡರು, ಯಾವುದನ್ನೂ ನೋಡಲಿಲ್ಲ. ನಮ್ಮಲ್ಲಿ ತಂಗೂಸಿ ಎಂದು ಕರೆಯುವ ಒಂಟಿ ಎಳೆಯ ದಾರ ಇದೇ. ಸುರುಳಿಯಂತೆ ಮಡಿಸಿಕೊಂಡ ಉದ್ದುದ್ದ ಅಣುಗಳು ಎಳೆದಾಗ ಬಿಡಿಸಿಕೊಳ್ಳುತ್ತವೆ, ಬಿಟ್ಟಾಗ ಹಿಂದಿರುಗುತ್ತವೆ. ಕಡಿಯುವ ಮುನ್ನ ಅದು ತನ್ನ ಉದ್ದದ ಐದನೆಯ ಒಂದು ಭಾಗದಷ್ಟಾದರೂ ಹಿಗ್ಗಬಲ್ಲದು. ಹೊಸಬನ ಕೈ ಗಾಬರಿಯಲ್ಲಿ ಜೋರಾಗಿ ಎಳೆದಾಗ ಈ ಹಿಗ್ಗೇ ಅವನನ್ನು ಕಾಪಾಡುತ್ತದೆ.

ಉಳಿದ ಎರಡು ಬಗೆಗಳಲ್ಲಿ ಒಂದು ಫ್ಲೂರೋಕಾರ್ಬನ್. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಅದಕ್ಕೆ 1.42, ನೀರಿನದು 1.33, ನೈಲಾನಿನದು ಸುಮಾರು 1.53. ನೀರಿಗೆ ಹತ್ತಿರ ಇರುವುದರಿಂದ ಕಡಿಮೆ ಕಾಣುತ್ತದೆ. ಅದೃಶ್ಯವಾಗುತ್ತದೆ ಎಂಬ ಜಾಹೀರಾತು ಸುಳ್ಳು. ಇನ್ನೊಂದು ಪಾಲಿಎಥಿಲೀನಿನ ಹೆಣೆದ ದಾರ. ಗುಂಡು ತಡೆಯುವ ಅಂಗಿಗಳಿಗೂ ಬಳಸುವ ಈ ಎಳೆ ಅತಿ ಸಣ್ಣ, ಅತಿ ಬಲ, ಹಿಗ್ಗು ಶೇಕಡ ಮೂರು ನಾಲ್ಕು ಮಾತ್ರ. ದಟ್ಟ ಜೊಂಡಿನ ನಡುವಿನಿಂದ ಮೀನನ್ನು ಹೊರಗೆಳೆಯುವ ಪಳಗಿದ ಕೈಗೆ ಅದು ಬೇಕು. ಪಳಗದ ಕೈಗೆ ಎಂಟು ಅಥವಾ ಹತ್ತು ಪೌಂಡಿನ ನೈಲಾನ್, ದಪ್ಪದಲ್ಲಿ ಕಾಲು ಮಿಲಿಮೀಟರಿನ ಆಸುಪಾಸು. ಹೆಚ್ಚು ದಪ್ಪನಾದರೆ ದಾರದ ಬಿಗುವೂ ಅದೇ ನಾಲ್ಕನೆಯ ಘಾತದಲ್ಲಿ ಏರಿ, ಸುರುಳಿಯ ಆಕಾರವನ್ನು ಬಿಡದೆ ಸಣ್ಣ ಎರೆಯನ್ನು ದೂರ ಹೋಗಗೊಡುವುದಿಲ್ಲ.

ಕೆಂಪು ದಾರ ನೀರಿನಲ್ಲಿ ಮಾಯವಾಗುತ್ತದೆ ಎಂದು ಮಾರುತ್ತಾರೆ. ಆಳಕ್ಕೆ ಹೋದಂತೆ ಕೆಂಪು ಬೆಳಕು ಮೊದಲು ಹೀರಲ್ಪಡುವುದು ನಿಜ, ಆದರೆ ಆಗ ಕೆಂಪು ದಾರ ಕಪ್ಪಾಗಿ ಕಾಣುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಬಾಸ್ ಬೇಟೆಯಾಡುವ ಒಂದೆರಡು ಮೀಟರ್ ಆಳದ ತಿಳಿನೀರಿನಲ್ಲಂತೂ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ದೋಣಿಗೆ ಬಾಳೆಹಣ್ಣು ತಂದರೆ ಮೀನು ಸಿಗುವುದಿಲ್ಲ ಎಂಬ ನಂಬಿಕೆಯೂ ಅಮೆರಿಕದ ಗಾಳಗಾರರಲ್ಲಿ ಇಂದಿಗೂ ಇದೆ. ಇಂಥವು ನನ್ನನ್ನು ಚಿಂತೆಗೆ ಹಚ್ಚುತ್ತವೆ. ಮೀನು ತಪ್ಪಿದ್ದಕ್ಕೆ ಬಾಳೆಹಣ್ಣು ಕಾರಣ ಎಂದವನು ಗಾಳದ ಮೊನೆಯಲ್ಲಿ ಉಳಿದ ತುಟಿಯ ಚೂರನ್ನು ನೋಡುವುದೇ ಇಲ್ಲ.

ಅಂದು ಸಂಜೆಯೇ ಅಳಿಯನ ರೀಲಿಗೆ ಹತ್ತು ಪೌಂಡಿನ ನೈಲಾನ್ ಸುತ್ತಿ, ನನ್ನ ಹಳೆಯ ಮೀಡಿಯಂ ಕೋಲನ್ನು ಅವನಿಗೆ ಕೊಟ್ಟೆ. ಗಂಟು ಬಿಗಿಯುವ ಮೊದಲು ಬಾಯಲ್ಲಿ ಒದ್ದೆ ಮಾಡಿಕೊಳ್ಳಲು ಹೇಳಿದೆ. ಒಣ ನೈಲಾನ್ ತನ್ನ ಮೇಲೆ ತಾನೇ ಉಜ್ಜಿದಾಗ ಹುಟ್ಟುವ ಬಿಸಿಗೆ ಗಂಟಿನಲ್ಲೇ ಸೊರಗುತ್ತದೆ. ನಂತರ ದಾರದ ತುದಿಯನ್ನು ಸೂಟ್‌ಕೇಸ್ ತೂಗುವ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಅವನು ಕೋಲೆತ್ತಿ ಎಳೆಯುತ್ತಿದ್ದಂತೆ ರೀಲಿನ ಡ್ರ್ಯಾಗ್ ತಿರುಪನ್ನು (ಎಷ್ಟು ಎಳೆತಕ್ಕೆ ರೀಲು ದಾರ ಬಿಡಬೇಕೆಂದು ಹೊಂದಿಸುವ ತಿರುಪು) ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು. ಮುಳ್ಳು ಒಂದು ಕಿಲೊ ಇನ್ನೂರು ಗ್ರಾಂ ತಲುಪಿದಾಗ ರೀಲು ಕಿರ್ರೆಂದು ದಾರ ಬಿಡತೊಡಗಿತು, ದಾರ ತಡೆಯಬಲ್ಲದ್ದರ ಕಾಲುಭಾಗಕ್ಕಿಂತ ತುಸು ಹೆಚ್ಚು. ಮರುದಿನ ಬೆಳಿಗ್ಗೆ ಅದೇ ದಡದಲ್ಲಿ ಒಂದೂವರೆ ಕಿಲೊ ಬಾಸ್ ಮೂರು ಸಲ ತಲೆ ಕೊಡವಿತು. ಕೋಲು ಮೂರು ಸಲವೂ ನಡುವಿನವರೆಗೆ ಬಾಗಿ ಎದ್ದಿತು. ಹುಡುಗ ಅದರ ಕೆಳದವಡೆ ಹಿಡಿದು ಗಾಳ ಬಿಡಿಸಿ, ನೀರಿನಲ್ಲಿ ಸ್ವಲ್ಪ ಹೊತ್ತು ಆಡಿಸಿ ಬಿಟ್ಟುಬಿಟ್ಟ. ಆಮೇಲೆ ದಾರದ ಕೊನೆಯ ಒಂದು ಗಜವನ್ನು ಉಗುರಿನ ನಡುವೆ ಸವರಿ ನೋಡಿದ. ಒಂದು ಕಡೆ ಒರಟು ತಾಗಿತು. ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಲು ಕುಳಿತ.